ನೀರು ಹೊತ್ತ ಜಯವಂತ ಕಾಕಾ

ಜಯವಂತ ಕಾಕಾ ಪ್ರಾರ್ಥನೆ ಮಾಡುವಾಗ ಕಣ್ಣು ಮುಚ್ಚುತ್ತಿರಲಿಲ್ಲ. ಪುಣೆಯ ಖಡಕಿಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ರವಿವಾರದ ಆರಾಧನೆಗೆ ಬಂದವರೆಲ್ಲ ತಲೆ ಬಗ್ಗಿಸಿ ಕೂತಿರುವಾಗ ಅವರೊಬ್ಬರು ಮುಂದಿನ ಬೆಂಚಿನ ಪಕ್ಕ ನೆಟ್ಟಗೆ ನಿಂತು, ಯಾರು ತಡವಾಗಿ ಬಂದರು, ಯಾವ ಫ್ಯಾನು ಓಲಾಡುತ್ತಿದೆ, ಯಾರ ಮಗು ಹೊರಗೆ ಚಪ್ಪಲಿಗಳಲ್ಲಿ ಆಡುತ್ತಿದೆ ಎಂದೆಲ್ಲ ನೋಡುತ್ತಲೇ ದೇವರೊಂದಿಗೆ ಮಾತಾಡುತ್ತಿದ್ದರು. ಅದು ಬೇಡುವ ದನಿಯಲ್ಲ. ತಮ್ಮ ವರ್ಕ್‌ಶಾಪಿನ ಫೋರ್‌ಮನ್ನನಿಗೆ ಕೆಲಸ ಒಪ್ಪಿಸುವ ದನಿ. "ಕರ್ತನೇ, ಮಾರ್ಥಾಬಾಯಿಯವರ ಮೊಣಕಾಲು ಇನ್ನೂ ಹಂಗ ಅದ. ಹೋದ ವಾರನೂ ಹೇಳಿದ್ದೆ. ಈ ವಾರ ಅದೊಂದು ಮುಗಿಸಿ ಕೊಡ್ರಿ." ಚಿಕ್ಕವಳಿದ್ದಾಗ ನಾನೂ ಕದ್ದು ಕಣ್ಣು ಬಿಡುತ್ತಿದ್ದೆ, ಹಾಗಾಗಿ ನನಗೆ ಇದು ಗೊತ್ತು. ಸಿಕ್ಕಿಬಿದ್ದರೆ ಕಾಕಾ ಹುಬ್ಬು ಹಾರಿಸಿ, ತಲೆ ಬಗ್ಗಿಸು ಎಂದು ಸನ್ನೆ ಮಾಡುತ್ತಿದ್ದರು. ಪ್ರಾರ್ಥನೆ ಮಾತ್ರ ಒಂದು ಗಳಿಗೆಯೂ ತಡೆಯುತ್ತಿರಲಿಲ್ಲ.

ಅವರು ನನ್ನ ಸ್ವಂತ ಕಾಕಾ ಅಲ್ಲ. ನಮ್ಮಪ್ಪ ಮತ್ತು ಅವರು ಹುಡುಗರಿದ್ದಾಗ ಬೆಟಗೇರಿಯಿಂದ ಒಟ್ಟಿಗೆ ಪುಣೆಗೆ ಬಂದು ಖಡಕಿಯ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದವರು. ಅಪ್ಪ ಕೊನೆಯವರೆಗೂ ಅಲ್ಲೇ ಇದ್ದರು. ಕಾಕಾ ಮೇಲಿನ ಅಧಿಕಾರಿಯೊಬ್ಬನ ಜೊತೆ ಜಗಳಾಡಿ ಹೊರಬಿದ್ದು, ಭೋಸರಿಯಲ್ಲಿ ಒಂದು ಶೆಡ್ಡು ಹಿಡಿದು, ಕೈಪಂಪಿನ ಭಾಗಗಳನ್ನು ಮಾಡುವ ವರ್ಕ್‌ಶಾಪು ತೆರೆದರು. ನೆಲದಾಳದಲ್ಲಿ ಕೂತು ನೀರನ್ನು ಮೇಲಕ್ಕೆ ತಳ್ಳುವ ಹಿತ್ತಾಳೆಯ ಸಿಲಿಂಡರು ಅವರ ಮುಖ್ಯ ಮಾಲು. ದೇವರ ಜೊತೆ ಕನ್ನಡ, ಕಾಮಗಾರರ ಜೊತೆ ಮರಾಠಿ, ಸಿಟ್ಟು ಬಂದರೆ ಹಿಂದಿ. "ನನ್ನ ಮಾಲು ಇಳಿದಲ್ಲಿ ನೀರು ಬರ್ಲಿಕ್ಕೇ ಬೇಕು" ಎಂದು ಅವರು ಹೇಳಿದರೆ, ನೆಲದೊಳಗಿನ ನೀರಿಗೇ ತಾಕೀತು ಮಾಡಿದಂತೆ ಕೇಳುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆ ನಿಂತದ್ದು ಕಾಕಾನ ಮೇಲೆ. ನಾನು ಏನು ಓದಬೇಕು ಎಂದು ಅವರು ನನ್ನನ್ನು ಕೇಳಲಿಲ್ಲ, ಹೇಳಿದರು. "ನೀ ಟೀಚರ್ ಆಗು ಸುಧಾ. ಬ್ಯಾರೆ ಯಾವುದೂ ನಿನಗ ಒಪ್ಪಂಗಿಲ್ಲ." ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅವರ ಉಪಕಾರವೆಲ್ಲ ಹೀಗೆ, ಹೆಗಲ ಮೇಲೆ ಒಂದು ಭಾರದ ಕೈ ಇಟ್ಟ ಹಾಗೆ. ಆದರೆ ತಾವು ಮಾತ್ರ ಯಾರಿಂದಲೂ ಏನನ್ನೂ ಇಸಿದುಕೊಂಡವರಲ್ಲ. ಒಮ್ಮೆ ಕಾಮಾಲೆಯಾಗಿ ಮಲಗಿದ್ದಾಗ ನನ್ನ ತಾಯಿ ಗಂಜಿ ಕಳಿಸಿದ್ದರೆ, ಅದೇ ಸಂಜೆ ಡಬ್ಬಿಯ ತುಂಬ ಸೇಬು ತುಂಬಿ ವಾಪಸು ಕಳಿಸಿದ್ದರು. ಕಾಕಾನ ಹೆಂಡತಿ ಸರೋಜಾ ಕಾಕು ಹೆಚ್ಚು ಮಾತಿನವರಲ್ಲ. ಆ ಡಬ್ಬಿ ತಂದುಕೊಟ್ಟವರು ಅವರೇ. "ಕೊಡೂದು ಗೊತ್ತದ ಅವರಿಗೆ, ತಗೊಳ್ಳೂದು ಯಾರೂ ಕಲಿಸಿಲ್ಲ" ಎಂದು ಅಮ್ಮನೆದುರು ನಕ್ಕಿದ್ದರು.

ಮಲಾವಿಯ ಸುದ್ದಿ ನಮ್ಮ ಸಭೆಗೆ ಬಂದದ್ದು ಗಿಫ್ಟ್ ಎಂಬ ತರುಣನಿಂದ. ಆಫ್ರಿಕಾದ ಆ ಸಣ್ಣ ದೇಶದಿಂದ ದೇವಶಾಸ್ತ್ರ ಓದಲು ಪುಣೆಗೆ ಬಂದಿದ್ದ. ಕನ್ನಡದ ಒಂದಕ್ಷರ ತಿಳಿಯದಿದ್ದರೂ ಹಾಡು ಕೇಳಲಿಕ್ಕೆಂದೇ ನಮ್ಮಲ್ಲಿಗೆ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಒಂದು ರವಿವಾರ ಆರಾಧನೆ ಮುಗಿದು ಚಹಾ ಕುಡಿಯುವಾಗ ಮೊಬೈಲಿನಲ್ಲಿ ತನ್ನ ಊರಿನ ಚಿತ್ರ ತೋರಿಸಿದ. ಒಂದು ಕೈಪಂಪು, ಅದರ ಮುಂದೆ ಕೊಡಗಳ ಉದ್ದನೆಯ ಸಾಲು. ಬಹಳ ಹೊತ್ತು ಹಿಡಿಕೆ ಒತ್ತಿದರೆ ಒಂದು ಕೊಡ ತುಂಬುತ್ತದೆ ಎಂದ. ಕಾಕಾ ಮೊಬೈಲನ್ನು ಕಸಿದುಕೊಂಡು ಚಿತ್ರ ಹಿಗ್ಗಿಸಿ ನೋಡಿದರು. ಅದು ನಮ್ಮ ದೇಶದಿಂದಲೇ ಹೋದ ಮಾದರಿಯ ಪಂಪು, ಒಳಗಿನ ಸಿಲಿಂಡರು ಸವೆದಿದೆ, ಇದು ಒಂದು ದಿನದ ಕೆಲಸ ಎಂದು ಅಲ್ಲೇ ನಿಂತು ತೀರ್ಪು ಕೊಟ್ಟರು. ಮುಂದಿನ ವಾರದಿಂದ ಅವರ ಪ್ರಾರ್ಥನೆಯಲ್ಲಿ ಮಾರ್ಥಾಬಾಯಿಯ ಮೊಣಕಾಲಿನ ಜೊತೆ ಮಲಾವಿಯೂ ಸೇರಿತು.

ಗಿಫ್ಟ್ ಓದು ಮುಗಿಸಿ ಊರಿಗೆ ಹೋಗಿ ಅಲ್ಲಿ ಪಾಸ್ಟರ್ ಆದ ಮೇಲೆ, ಕಾಕಾ ಸಭೆಯ ಹಿರಿಯರನ್ನೆಲ್ಲ ಒಪ್ಪಿಸಿ ಒಂದು ಸೇವಾಯಾತ್ರೆ ಹೊರಡಿಸಿದರು. ನಾವು ಆರು ಮಂದಿ. ಕಾಕಾನ ಇಂಗ್ಲಿಷು ಗುಡ್ ಮಾರ್ನಿಂಗ್ ಮತ್ತು ನೋ ಪ್ರಾಬ್ಲಮ್ ದಾಟಿ ಮುಂದೆ ಹೋಗುತ್ತಿರಲಿಲ್ಲವಾದ್ದರಿಂದ, ಶಾಲೆಯಲ್ಲಿ ಇಂಗ್ಲಿಷು ಕಲಿಸುವ ನಾನು ಅವರ ಬಾಯಿಯಾಗಿ ಹೋಗಬೇಕಿತ್ತು. ದೀಪಾವಳಿಯ ರಜೆ. ಬೀಳ್ಕೊಡುಗೆಯ ದಿನ ಹಾರ ಹಾಕಿಸಿಕೊಂಡು, ನಾವು ವಾಪಸು ಬರುವುದರೊಳಗೆ ಅಲ್ಲಿ ನೀರು ಹರಿಯುತ್ತಿರುತ್ತದೆ ಎಂದು ಅವರು ಸಭೆಗೆ ಮಾತು ಕೊಟ್ಟರು.

ಅಲ್ಲಿ ಅದು ಬೇಸಿಗೆಯ ಕೊನೆ. ಕೆಂಪು ಧೂಳು, ಒಣಗಿದ ಹೊಳೆ, ಮಾವಿನ ಮರಗಳ ಕೆಳಗೆ ಮಾತ್ರ ಒಂದಿಷ್ಟು ನೆರಳು. ಊರ ಹೆಂಗಸರು ಹಾಡುತ್ತ ನಮ್ಮನ್ನು ಎದುರುಗೊಂಡರು. ನನಗೆ ಅಗ್ನೆಸ್ ಎಂಬವಳ ಮನೆಯಲ್ಲಿ ಇಳಿದುಕೊಳ್ಳುವ ವ್ಯವಸ್ಥೆಯಾಗಿತ್ತು. ಗಂಡಸರಿಗೆ ಪ್ರಾರ್ಥನಾ ಮಂದಿರದ ಪಕ್ಕದ ಕೋಣೆ. ಊಟಕ್ಕೆ ಎಲ್ಲರೂ ಅಗ್ನೆಸ್‌ಳ ಅಂಗಳಕ್ಕೇ ಬರುತ್ತಿದ್ದರು. ಅವಳಿಗೆ ತಾಂಡಿ ಎಂಬ ಪುಟ್ಟ ಮಗಳಿದ್ದಳು. ಆಗಷ್ಟೇ ಮಾತು ಕೂಡಿಸಿ ಆಡಲು ಕಲಿಯುತ್ತಿದ್ದ ವಯಸ್ಸು. ಕಾಕಾ ಪಂಪಿನ ಹತ್ತಿರ ಹೋದಾಗಲೆಲ್ಲ ಅವಳೂ ಹೋಗಿ ಅವರ ಹತಾರಗಳ ಪೆಟ್ಟಿಗೆಯ ಮೇಲೆ ಕೂತುಬಿಡುತ್ತಿದ್ದಳು. ಅವಳನ್ನು ಎತ್ತಿ ಇಳಿಸದೆ ನಟ್ಟು ತಿರುಗಿಸುವ ಪಾನಾ ತೆಗೆಯುವಂತಿರಲಿಲ್ಲ. ಇಳಿ, ಇಳಿ ಎಂದು ಕಾಕಾ ಇಳಿಸಿದರೆ ಮತ್ತೆ ಹತ್ತುತ್ತಿದ್ದಳು. ಆ ತಾಯಿ-ಮಗಳ ನಿಜವಾದ ಹೆಸರುಗಳು ಇವಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ಪಂಪಿನ ಕೆಳಗೆ ಕಬ್ಬಿಣದ ಪೈಪುಗಳನ್ನು ಒಂದಕ್ಕೊಂದು ತಿರುಗಿಸಿ ಜೋಡಿಸಿ ಆಳಕ್ಕೆ ಇಳಿಬಿಟ್ಟಿರುತ್ತಾರೆ. ಅದನ್ನೆಲ್ಲ ಮೇಲೆತ್ತಿ, ಸಿಲಿಂಡರು ಬದಲಿಸಿ, ಮತ್ತೆ ಇಳಿಸಬೇಕು. ಎತ್ತುವಾಗ, ಇಳಿಸುವಾಗ ಪೈಪು ಜಾರದಂತೆ ಕಚ್ಚಿ ಹಿಡಿಯಲು ಒಂದು ಕ್ಲ್ಯಾಂಪು ಬೇಕು. ನಾವು ಬೇರೆಯಾಗಿ ಕಳಿಸಿದ್ದ ಆ ಕ್ಲ್ಯಾಂಪಿನ ಪೆಟ್ಟಿಗೆ ರಾಜಧಾನಿಯ ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದಿತ್ತು. ಸೋಮವಾರ ಬಿಡಿಸಿ ತರುತ್ತೇನೆ, ಕಾಯೋಣ ಎಂದ ಗಿಫ್ಟ್. ಕಾಕಾನಿಗೆ ಕಾಯುವುದೆಂದರೆ ಆಗದು. ರವಿವಾರದ ಆರಾಧನೆಗೆ ಊರವರು ಹೊಸ ನೀರು ಕುಡಿಯಬೇಕು ಎಂದು ಅವರ ಹಟ. ಪೇಟೆಯಿಂದ ಎರಡು ದೊಡ್ಡ ಪೈಪ್ ಪಾನಾ ತರಿಸಿದರು. "ಕ್ಲ್ಯಾಂಪು ಇಲ್ಲದಿದ್ರ ಏನಾತು, ನನ್ನ ಕೈ ಅದಾವ" ಎಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಗಿಫ್ಟ್ ಅಂಗಿಯ ತೋಳು ಮಡಚಿದ.

ಎತ್ತುವಾಗ ಏನೂ ಆಗಲಿಲ್ಲ. ಭೋಸರಿಯ ಹೊಸ ಸಿಲಿಂಡರು ಬಿಸಿಲಿಗೆ ಹೊಳೆಯುತ್ತ ಒಳಗಿಳಿಯಿತು. ಒಂದೊಂದೇ ಪೈಪು ಜೋಡಿಸುತ್ತ ಇಳಿಸುತ್ತ, ಇನ್ನೇನು ಮುಗಿಯಿತು ಅನ್ನುವಾಗ ಪಾನಾ ಹಿಡಿತ ಬಿಟ್ಟಿತು. ಮೊದಲು ಕಬ್ಬಿಣ ಉಜ್ಜಿದ ಸದ್ದು. ಆಮೇಲೆ ಬಹಳ ಕೆಳಗಿನಿಂದ ಒಂದು ಗುದ್ದು. ಹೆಂಗಸರು ಹಾಡು ನಿಲ್ಲಿಸಲಿಲ್ಲ. ಪಂಪು ಕೂಡಿಸುವುದೇ ಹೀಗೆ ಎಂದು ಅವರು ತಿಳಿದಿದ್ದರು. ಪೈಪುಗಳೆಲ್ಲ ಕೊಳವೆಬಾವಿಯ ತಳಕ್ಕೆ ಬಿದ್ದಿವೆ, ಅವನ್ನು ತೆಗೆಯದ ಹೊರತು ಒಂದು ಹನಿ ನೀರು ಬರುವುದಿಲ್ಲ ಎಂದು ಗಿಫ್ಟ್ ಅವರಿಗೆ ತಿಳಿಸಿ ಹೇಳಿದ ಮೇಲೆ ಹಾಡು ಒಂದೊಂದೇ ಗಂಟಲಿನಲ್ಲಿ ನಿಂತಿತು. ಕಾಕಾ ಖಾಲಿ ಪಾನಾ ಹಿಡಿದು ರಂಧ್ರವನ್ನೇ ನೋಡುತ್ತ ನಿಂತಿದ್ದರು. ಯಾರೂ ಬೈಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೆಂಗಸರು ಖಾಲಿ ಕೊಡ ಎತ್ತಿಕೊಂಡು ಹೊಳೆಯ ಕಡೆ ನಡೆದರು.

ಆಮೇಲಿನ ದಿನಗಳನ್ನು ನೆನೆಯಲು ನನಗೆ ಈಗಲೂ ಕಷ್ಟ. ಪೇಟೆಯ ವೆಲ್ಡರನಿಂದ ಕೊಕ್ಕೆ ಮಾಡಿಸಿ, ಹಗ್ಗ ಕಟ್ಟಿ, ಬೆಳಗಿನಿಂದ ಕತ್ತಲಾಗುವವರೆಗೆ ಕಾಕಾ ಆ ರಂಧ್ರದಲ್ಲಿ ತಡಕಾಡಿದರು. ಒಮ್ಮೊಮ್ಮೆ ಕೊಕ್ಕೆ ಸಿಕ್ಕುತ್ತಿತ್ತು. ಎಲ್ಲರೂ ಹಗ್ಗ ಹಿಡಿದು ಎಳೆಯುತ್ತಿದ್ದೆವು, ಕೆಳಗೆ ಭಾರ ಅಲ್ಲಾಡುತ್ತಿತ್ತು, ಮತ್ತೆ ಜಾರುತ್ತಿತ್ತು. ಸೋಮವಾರ ಕ್ಲ್ಯಾಂಪು ಬಂತು. ಅದನ್ನು ಅವರು ಪೆಟ್ಟಿಗೆಯಿಂದ ಹೊರಗೆ ತೆಗೆಯಲಿಲ್ಲ. ಅವರ ಪ್ರಾರ್ಥನೆ ಒಂದೇ ಮಾತಿಗೆ ಇಳಿದಿತ್ತು: "ಸಾಕು ಮಾಡು ತಂದೆ, ಸಾಕು ಮಾಡು." ಯಾವುದನ್ನು ಎಂದು ನನಗೆ ತಿಳಿಯುತ್ತಿರಲಿಲ್ಲ. ಜೊತೆಗೆ ಬಂದ ನಾಲ್ವರು ಟಿಕೆಟ್ಟಿನ ದಿನ ಬಂದಾಗ ಹೊರಟುಹೋದರು. ಕಾಕಾ ಹೊರಡಲಿಲ್ಲ. ಅವರ ಬಾಯಿ ನಾನೇ ಆಗಿದ್ದರಿಂದ ಶಾಲೆಗೆ ತಿಳಿಸಿ ನಾನೂ ಉಳಿದೆ.

ಕೊನೆಗೆ ಹಗ್ಗವೇ ತುಂಡಾಗಿ ಕೊಕ್ಕೆಯೂ ಒಳಗೆ ಬಿತ್ತು. ಮರುದಿನ ಕಾಕಾ ಗಿಫ್ಟನ ಸೈಕಲ್ಲಿಗೆ ಕ್ಯಾನುಗಳನ್ನು ಕಟ್ಟಿಕೊಂಡು ಹೆಂಗಸರ ಹಿಂದೆ ಹೊಳೆಗೆ ಹೊರಟರು. ಒಣಗಿದ ಹೊಳೆಯ ಮರಳಿನಲ್ಲಿ ಒರತೆ ತೋಡಿ, ಬಟ್ಟಲಿನಿಂದ ಮೊಗೆದು ಮೊಗೆದು ತುಂಬಿಸಬೇಕು. ಗಂಡಸರು ನೀರು ತರುವ ರೂಢಿ ಆ ಊರಲ್ಲಿರಲಿಲ್ಲ; ಮೊದಲ ದಿನ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹಿರಿಯರೆಂದು ಸಾಲಿನಲ್ಲಿ ಮುಂದೆ ಬಿಟ್ಟರೆ ಕಾಕಾ ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದರು. ಮರಳಿನಲ್ಲಿ ಸೈಕಲ್ಲು ಹೂತುಹೋಗುತ್ತಿತ್ತು, ತಳ್ಳುತ್ತ ಬರುತ್ತಿದ್ದರು. ತಂದ ನೀರನ್ನು ಮುದುಕಿಯರ ಮನೆಗಳಿಗೆ ಹಾಕಿ ಮತ್ತೆ ಹೊರಡುತ್ತಿದ್ದರು. ಅವರಿಗಾಗ ಅರವತ್ತು ದಾಟಿತ್ತು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಗ್ನೆಸ್ ಅಲ್ಲಿನ ಪದ್ಧತಿಯಂತೆ ಮೊಣಕಾಲೂರಿ, ಕೈ ತೊಳೆಯಲು ತಂಬಿಗೆಯಿಂದ ನೀರು ಹಾಕಲು ಬಂದಳು. ಅವಳೇ ಹೊಳೆಯಿಂದ ಹೊತ್ತು ತಂದ ನೀರು. ಕಾಕಾ ಕೈ ಹಿಂದಕ್ಕೆಳೆದುಕೊಂಡರು.

"ನನ್ನ ಕೈ ಸ್ವಚ್ಛ ಅದಾವ ಅಂತ ಹೇಳು ಆಕಿಗೆ."

ನಾನು ಹೇಳಿದೆ. ಗಿಫ್ಟ್ ಅದನ್ನು ಅವಳ ಭಾಷೆಗೆ ತಿರುಗಿಸಲಿಲ್ಲ. ಬೇಡ ಎಂದರೆ ನಿನ್ನ ಮನೆಯಲ್ಲಿ ನಾನು ಉಣ್ಣುವುದಿಲ್ಲ ಎಂದ ಹಾಗೆ ಎಂದಷ್ಟೇ ನನಗೆ ಹೇಳಿದ. ನಾನದನ್ನು ಹೇಳಿದಾಗ ಕಾಕಾ ಅವಳ ಕೈಯಲ್ಲಿದ್ದ ತಂಬಿಗೆಯನ್ನು ನೋಡಿದರು. ಆಮೇಲೆ ಎರಡೂ ಕೈ ಮುಂದೆ ಚಾಚಿದರು. ಗ್ರೀಸು ಹಿಡಿದು ಕಪ್ಪಾದ ಆ ಬೆರಳುಗಳ ಮೇಲೆ ಅವಳು ನಿಧಾನವಾಗಿ ನೀರು ಹಾಕಿದಳು. ಒಂದು ಹನಿಯೂ ನೆಲಕ್ಕೆ ದಂಡವಾಗದಂತೆ ಕೆಳಗೆ ಬೋಗುಣಿ ಹಿಡಿದಿದ್ದಳು.  ಅವರು ಯಾರಿಂದಲಾದರೂ ಏನನ್ನಾದರೂ ಸುಮ್ಮನೆ ತೆಗೆದುಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

ಮೊದಲ ಮಳೆ ಬಿತ್ತು. ಊರು ಕುಣಿಯಿತು. ಆದರೆ ಮಳೆಯ ಜೊತೆ ಊರ ಹೊಲಸೆಲ್ಲ ಹರಿದು ಒರತೆಗಳಿಗೆ ಸೇರಿತು, ಮಕ್ಕಳಿಗೆ ವಾಂತಿ, ಭೇದಿ ಹತ್ತಿತು. ಕುದಿಸಿ ಕುಡಿಯಿರಿ ಎಂದು ಕಾಕಾ ಮನೆಮನೆಗೆ ನನ್ನನ್ನು ಕರೆದುಕೊಂಡು ಹೋಗಿ ಹೇಳಿಸಿದರು. ಅಡಿಗೆಗೇ ಒಣಗಿದ ಕಟ್ಟಿಗೆ ಇರಲಿಲ್ಲ. ತಾಂಡಿ ಬೆಳಿಗ್ಗೆ ಮಲಗಿದವಳು ಮಧ್ಯಾಹ್ನದ ಹೊತ್ತಿಗೆ ಬಾಡಿಹೋದಳು. ಆರೋಗ್ಯ ಕೇಂದ್ರ ದೂರ. ಗಿಫ್ಟ್ ಸೈಕಲ್ ತುಳಿದ, ಅಗ್ನೆಸ್ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹಿಂದೆ ಕೂತಳು. ನಾನು ಮತ್ತು ಕಾಕಾ ಕೆಸರಿನಲ್ಲಿ ಹಿಂದಿನಿಂದ ಓಡಿದೆವು. ಅವರಿಬ್ಬರೂ ಹಿಂತಿರುಗಿ ಬರುವುದು ಎದುರಿಗೆ ಕಂಡಿತು. ಸೈಕಲ್ಲನ್ನು ಗಿಫ್ಟ್ ತಳ್ಳಿಕೊಂಡು ಬರುತ್ತಿದ್ದ. ಅಗ್ನೆಸ್ ನಡೆದು ಬರುತ್ತಿದ್ದಳು, ಮಗು ಇನ್ನೂ ಬೆನ್ನಿನ ಮೇಲೇ ಇತ್ತು.

ಪಂಪು ನೀರು ಕೊಡುತ್ತಿದ್ದ ವರ್ಷಗಳಲ್ಲೂ ಮೊದಲ ಮಳೆಗೆ ಇಲ್ಲಿ ಮಕ್ಕಳು ಹೀಗೆ ಸಾಯುತ್ತಿದ್ದರು, ಇದು ಆ ಒರತೆಯ ನೀರಿನಿಂದಲೇ ಆಯಿತೆಂದು ಯಾರೂ ಹೇಳಲಾರರು ಎಂದು ಗಿಫ್ಟ್ ಕಾಕಾನಿಗೆ ಪದೇ ಪದೇ ಹೇಳಿದ. ಕಾಕಾ ಕೇಳಿಸಿಕೊಳ್ಳಲಿಲ್ಲ. ಮಣ್ಣು ಮಾಡಿದ ಮೇಲೆ ಊರ ಹೆಂಗಸರೆಲ್ಲ ಅಗ್ನೆಸ್‌ಳ ಅಂಗಳದಲ್ಲಿ ಅವಳ ಸುತ್ತ ಕೂತಿದ್ದರು. ಕಾಕಾ ಹೋಗಿ ಅವಳೆದುರು ನೆಲದ ಮೇಲೆ ಕೂತರು. ನನ್ನನ್ನೂ ಗಿಫ್ಟನನ್ನೂ ತಮ್ಮ ಪಕ್ಕಕ್ಕೆ ಕರೆದರು.

"ಹೇಳು ಸುಧಾ. ಬರ್ತಿದ್ದ ನೀರು ನಾ ಬಂದ್ ಮಾಡಿದೆ. ಕಾಯ್ರಿ ಅಂದ್ರ ಕಾಯಲಿಲ್ಲ. ಆಕಿ ಮಗಳು ನನ್ನಿಂದ ಹೋದ್ಲು. ನನಗ ಬೈಯಲಿ. ಬೈ ಅಂತ ಹೇಳು."

ನಾನು ಇಂಗ್ಲಿಷಿನಲ್ಲಿ ಹೇಳಿದೆ.  ಗಿಫ್ಟ್ ತನ್ನ ಭಾಷೆಯಲ್ಲಿ ಹೇಳಿದ. ಅಗ್ನೆಸ್ ಮುಖವೆತ್ತಿ ಕಾಕಾನನ್ನು ನೋಡಿದಳು. ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. ಬಹಳ ಸುಸ್ತಾದವಳು ಮಾತಾಡುವ ಹಾಗೆ ನಾಲ್ಕು ಮಾತು ಆಡಿದಳು. ಅದು ಅದೇ ದಾರಿಯಲ್ಲಿ ಹಿಂತಿರುಗಿ ನನ್ನ ಬಾಯಿಗೆ ಬಂತು, ನಾನು ಕಾಕಾನಿಗೆ ಕನ್ನಡದಲ್ಲಿ ಹೇಳಬೇಕಾಯಿತು.

"ಕಾಕಾ, ಆಕಿ ಹೇಳ್ತಾಳ: ನನ್ನ ಮಗಳು ಸತ್ತದ್ದು ನನ್ನದು. ಅದನ್ನ ನಿನ್ನದು ಮಾಡಿಕೊಂಡು ನಿನ್ನ ದೇಶಕ್ಕ ಒಯ್ಯಬ್ಯಾಡ."

ಕಾಕಾ ತಲೆ ಬಗ್ಗಿಸಿದರು.  ಆಮೇಲೆ ಒಬ್ಬ ಮುದುಕಿ ಅವರನ್ನು ಮೆಲ್ಲಗೆ ಒತ್ತರಿಸಿ ಅಗ್ನೆಸ್‌ಳ ಪಕ್ಕ ಜಾಗ ಮಾಡಿಕೊಂಡಳು, ಕಾಕಾ ಎದ್ದು ಗಂಡಸರ ಸಾಲಿನ ಕೊನೆಗೆ ಹೋಗಿ ಕೂತರು.

ಪುಣೆಗೆ ಬಂದಾಗ ಅಲ್ಲಿ ದೇವರು ಮಾಡಿದ್ದನ್ನು ಎದ್ದು ನಿಂತು ಹೇಳುವ ನಮ್ಮ ಸಾಕ್ಷಿ ಕೇಳಲು ಸಭೆ ಕಾದಿತ್ತು. ಮೊದಲೇ ಬಂದ ನಾಲ್ವರು ಪಂಪಿನಲ್ಲಿ ಸ್ವಲ್ಪ ತೊಂದರೆಯಾಯಿತು, ದೇವರು ಬೇರೆ ರೀತಿಯಲ್ಲಿ ನಮ್ಮನ್ನು ಉಪಯೋಗಿಸಿದ ಎಂದು ಹೇಳಿ ಮುಗಿಸಿದ್ದರು. ಕಾಕಾ ಎದ್ದು ನಿಂತು, ಅಲ್ಲಿ ಬರುತ್ತಿದ್ದ ನೀರನ್ನು ನಾನು ನಿಲ್ಲಿಸಿ ಬಂದಿದ್ದೇನೆ, ತಪ್ಪು ನನ್ನದು, ಅಷ್ಟೇ ಸಾಕ್ಷಿ ಎಂದು ಹೇಳಿ ಕೂತರು. ತಾಂಡಿಯ ವಿಷಯ ಒಂದು ಮಾತೂ ಬರಲಿಲ್ಲ. ಆರಾಧನೆ ಮುಗಿದ ಮೇಲೆ ಒಬ್ಬಿಬ್ಬರು ಹಿರಿಯರು ಅವರನ್ನು ಸುತ್ತುವರಿದು, ಹೀಗೆ ಹೇಳಿದರೆ ಇನ್ನು ಸೇವಾಯಾತ್ರೆಗೆ ಯಾರು ಮುಂದೆ ಬರುತ್ತಾರೆ, ಸಭೆಯ ಹೆಸರೇನಾಗಬೇಕು ಎಂದು ತರಾಟೆಗೆ ತೆಗೆದುಕೊಂಡರು. ಹಳೆಯ ಜಯವಂತ ಕಾಕಾ ಆಗಿದ್ದರೆ ಅವರ ಬಾಯಿ ಮುಚ್ಚಿಸುತ್ತಿದ್ದರು. ಇವರು ಕೈಕಟ್ಟಿ ನಿಂತು ಎಲ್ಲ ಕೇಳಿಸಿಕೊಂಡರು.

ಅವರು ಆಮೇಲೆ ಸುಖವಾಗಿದ್ದರು, ಹಗುರಾದರು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಸಭೆಯಲ್ಲಿ ತಮಗಿದ್ದ ಹಿರಿಯರ ಸ್ಥಾನ ಬಿಟ್ಟುಕೊಟ್ಟರು. ಪ್ರಾರ್ಥಿಸಿ ಎಂದು ಯಾರಾದರೂ ಕೇಳಿದರೆ ಪಕ್ಕದವರ ಕಡೆ ಕೈ ತೋರಿಸುತ್ತಿದ್ದರು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಭೋಸರಿಗೆ ಹೋದಾಗ ಯಂತ್ರಗಳೆಲ್ಲ ನಿಂತಿದ್ದವು. ಕಾಮಗಾರರು ಹೊರಗೆ ಚಹಾದ ಗಾಡಿಯ ಹತ್ತಿರ ಇದ್ದರು. ಕಾಕಾ ಲೇಥಿನ ಮುಂದಿನ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು. 

"ದೇವರು ಕ್ಷಮಿಸ್ಯಾನ ಅಂತ ಸಭಾದ ಅಯ್ಯನವರು ಅಂತಾರ. ನನಗ ಹಂಗ ಅನಸವಲ್ದು ಸುಧಾ. ಕ್ಷಮಾ ಕೇಳಾಕೂ ಎಲ್ಲರಿಗಿಂತ ಮುಂದ ಹೋಗಿ ಕೂತೆ ನಾ, ಆಕಿ ದುಃಖದ ನಡುವ. ಅಲ್ಲೂ ನಂದೇ ಮುಂದ."

ನಾನು ಅಲ್ಲೇ ಇನ್ನೊಂದು ಸ್ಟೂಲು ಎಳೆದುಕೊಂಡು ಕೂತೆ.

ಮುಂದಿನ ವರ್ಷ ಆ ಊರಲ್ಲಿ ಅಲ್ಲಿನ ಸರಕಾರವೇ ಹೊಸ ಕೊಳವೆಬಾವಿ ತೋಡಿಸಿತು. ಗಿಫ್ಟ್ ಕಳಿಸಿದ ವಿಡಿಯೋವನ್ನು ನಾನು ಓಡಿಹೋಗಿ ಕಾಕಾನಿಗೆ ತೋರಿಸಿದೆ. ನೀರು ಕೊಡಕ್ಕೆ ಧಾರೆಯಾಗಿ ಬೀಳುತ್ತಿತ್ತು, ಹೆಂಗಸರು ಹಾಡುತ್ತಿದ್ದರು. ಕಾಕಾ ಎದ್ದು ನಿಂತು ನೋಡಿದರು. ಮತ್ತೆ ಮತ್ತೆ ಹಾಕಿಸಿದರು. ಆ ಹೆಂಗಸರ ಮುಖಗಳಲ್ಲಿ ಯಾರನ್ನು ಹುಡುಕುತ್ತಿದ್ದಾರೆಂದು ನನಗೆ ಗೊತ್ತಿತ್ತು. ಅಗ್ನೆಸ್ ಅದರಲ್ಲಿ ಕಾಣಲಿಲ್ಲ. ಊರಿಗೆ ಬನ್ನಿ, ಬಂದು ಈ ನೀರು ಕುಡಿದು ಹೋಗಿ ಎಂದು ಗಿಫ್ಟ್ ಕರೆದಿದ್ದ. ಅಲ್ಲಿ ನನಗೇನು ಕೆಲಸ ಎಂದು ಕಾಕಾ ನನ್ನಿಂದ ಕೇಳಿಸಿದರು. ಏನೂ ಇಲ್ಲ, ಅದಕ್ಕೇ ಬನ್ನಿ ಎಂದು ಉತ್ತರ ಬಂತು. ಹೋಗೋಣ ಎಂದು ಒಪ್ಪಿದರು. ಮಳೆಗಾಲ ಮುಗಿಯಲಿ ಎಂದೆವು. ಮಳೆಗಾಲ ಮುಗಿಯುವುದರೊಳಗೆ ಅವರಿಗೆ ಲಕ್ವ ಹೊಡೆಯಿತು.

ಕೊನೆಯ ಸಲ ನಾನು ಅವರನ್ನು ಕಂಡದ್ದು ಖಡಕಿಯ ಅವರ ಮನೆಯಲ್ಲಿ, ಒಂದು ಬೆಳಿಗ್ಗೆ. ಬಲಭಾಗ ಬಿದ್ದುಹೋಗಿತ್ತು, ಮಾತು ಸ್ಪಷ್ಟವಿರಲಿಲ್ಲ. ಕಾಕು ಗಂಜಿ ತಿನ್ನಿಸುತ್ತಿದ್ದರು. ಚಮಚವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಕಾಕಾ ನನ್ನನ್ನು ನೋಡಿ ಬಾಯಿ ತೆರೆದರು. ಗಂಜಿ ಕಟವಾಯಿಯಿಂದ ಇಳಿದರೆ ಒರೆಸಲು ಬಿಟ್ಟರು. ನಾಚಲಿಲ್ಲ, ಅವಸರಿಸಲಿಲ್ಲ. ಬಟ್ಟಲು ಖಾಲಿಯಾದ ಮೇಲೆ ಎಡಗೈಯಿಂದ ನನ್ನ ಮುಂಗೈ ಮುಟ್ಟಿ ಏನೋ ಅಂದರು. ಬಗ್ಗಿ ಕಿವಿಕೊಟ್ಟೆ. "ಛಲೋ ಆತವ್ವ" ಎಂದಿರಬೇಕು.

ಅವರ ಶವಸಂಸ್ಕಾರದ ಆರಾಧನೆಗೆ ಸಭೆ ತುಂಬಿತ್ತು. ಸಭಾಪಾಲಕರು ಹೊಸಬರು, ಕಾಕಾನನ್ನು ಹಾಸಿಗೆಯ ಮೇಲೆ ಬಿಟ್ಟು ಬೇರೆಯಾಗಿ ಕಂಡವರಲ್ಲ. ಈ ನಮ್ಮ ಸಹೋದರರು ಸಮುದ್ರ ದಾಟಿ ಹೋಗಿ ಬಾಯಾರಿದ ಊರಿಗೆ ನೀರು ಕೊಟ್ಟವರು ಎಂದು ಶುರು ಮಾಡಿದರು.  ಏಳಬೇಕೋ ಬೇಡವೋ ಎನ್ನುವುದರೊಳಗೆ ಮುಂದಿನ ಬೆಂಚಿನಲ್ಲಿ ಸರೋಜಾ ಕಾಕು ಎದ್ದು ನಿಂತಿದ್ದರು.

"ಕೊಡಲಿಲ್ರಿ ಅಯ್ಯನವರ. ಕೊಡಾಕ ಹೋಗಿದ್ರು, ಇದ್ದದ್ದೂ ಹೋತು. ಆಮ್ಯಾಲ ಒಂದಿಷ್ಟು ದಿನ ಅವರೂ ಹೊತ್ರು, ಅಷ್ಟ. ಇದ್ದದ್ದು ಹೇಳ್ರಿ, ಅವರಿಗೆ ಅದ ಸೇರ್ತಿತ್ತು."

ಅಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಕೂತರು. ಸಭಾಪಾಲಕರು ತಾವು ಬರೆದು ತಂದದ್ದನ್ನು ಮಡಚಿಟ್ಟು, ನೇರವಾಗಿ ಬೈಬಲಿನ ಕೀರ್ತನೆ ಓದಿದರು.

ಮಣ್ಣು ಕೊಟ್ಟು ಸ್ಮಶಾನದ ಗೇಟಿನ ಕಡೆ ನಡೆಯುವಾಗ ಕಾಕು ನನ್ನ ತೋಳು ಹಿಡಿದುಕೊಂಡಿದ್ದರು. ರಸ್ತೆಯ ಆಚೆ ರಿಕ್ಷಾ ಕಾಯುತ್ತಿತ್ತು. ಅರ್ಧ ದಾರಿಯಲ್ಲಿ ಅವರು ನಿಂತರು.

"ನಿದ್ದಿಯೊಳಗ ಒಂದು ಹೆಸರು ಕರೀತಿದ್ರು ಅವರು. ಸಣ್ಣ ಕೂಸಿಗೆ ಕರದಂಗ, ಇಳಿ, ಇಳಿ ಅಂತಿದ್ರು. ಯಾರು ಅಂತ ನಾ ಒಮ್ಮೆನೂ ಕೇಳಲಿಲ್ಲ." ಸ್ವಲ್ಪ ಸುಧಾರಿಸಿಕೊಂಡು ನನ್ನ ಮುಖ ನೋಡಿದರು. "ನಿನಗ ಗೊತ್ತಿರ್ತದ. ನೀನೂ ಹೇಳಬ್ಯಾಡ."

ನಾನು ಹೂಂ ಎಂದೆ. ಇಬ್ಬರೂ ಮತ್ತೆ ನಡೆದೆವು.